ಶ್ವಾನಕ್ಕೆ ಸಲ್ಲುವ ಬೀಜ, ಸಲ್ಲದ ಬೀಜ

ಜಗಲಿಯ ಮೇಲೆ ಕಡಲೆಕಾಯಿ ಸುಲಿಯುತ್ತಿರುವವರ ಮುಂದೆ ಬಂದು ಕುಳಿತು, ಕೈಯಿಂದ ಬಾಯಿಗೆ ಹೋಗುವ ಒಂದೊಂದು ಬೀಜವನ್ನೂ ಕಣ್ಣಿನಿಂದಲೇ ಹಿಂಬಾಲಿಸುವ ನಾಯಿಯನ್ನು ಕಂಡು ನಾಲ್ಕು ಬೀಜ ಎಸೆಯದಿರುವವರು ವಿರಳ. ಹಾಗೆ ಎಸೆದುದನ್ನು ಅದು ಅಗಿಯುವುದಿಲ್ಲ, ನುಂಗುತ್ತದೆ. ಅದರ ದಂತಪಂಕ್ತಿಯು ಮಾಂಸವನ್ನು ಸೀಳುವುದಕ್ಕೂ ಎಲುಬನ್ನು ಕಡಿಯುವುದಕ್ಕೂ ತಕ್ಕುದಾಗಿದೆಯೇ ಹೊರತು ಕಾಳನ್ನು ನುಣ್ಣಗೆ ಅರೆಯುವುದಕ್ಕಲ್ಲ. ಮರುದಿನ ಅದರ ಮಲದಲ್ಲಿ ಇಡಿಯ ಬೀಜಗಳೇ ಕಾಣಸಿಗುವುದು ಇದರಿಂದಲೇ.

ಉಪ್ಪು ಖಾರ ಸೋಂಕದ, ಹುರಿದ ಕಡಲೆಕಾಯಿ ಬೀಜವಾಗಲಿ ಗೋಡಂಬಿಯಾಗಲಿ ಸ್ವಭಾವತಃ ವಿಷವಲ್ಲ. ಆರೋಗ್ಯವಂತ ನಾಯಿಯು ಒಂದೆರಡನ್ನು ತಿಂದರೆ ಸಾಮಾನ್ಯವಾಗಿ ಭಯಪಡಬೇಕಾದುದಿಲ್ಲ. ಆದರೆ ಇವುಗಳ ತೂಕದಲ್ಲಿ ಸುಮಾರು ಅರ್ಧದಷ್ಟು ಎಣ್ಣೆಯೇ ಇರುವುದರಿಂದ, ಹಿಡಿಗಟ್ಟಲೆ ತಿಂದ ನಾಯಿಯ ಮೇದೋಜೀರಕಾಂಗವು ಉರಿಯೂತಕ್ಕೊಳಗಾಗಿ, ಅದು ಪದೇಪದೇ ವಾಂತಿಮಾಡುತ್ತ, ಹೊಟ್ಟೆನೋವಿನಿಂದ ಬೆನ್ನು ಬಾಗಿಸಿ ನಿಲ್ಲುವ ದುರವಸ್ಥೆಗೆ ಬರಬಹುದು. ಬಾದಾಮಿಯಂತಹ ಗಟ್ಟಿ ಬೀಜವು ಚಿಕ್ಕ ತಳಿಯ ನಾಯಿಯ ಗಂಟಲಲ್ಲಿಯೋ ಕರುಳಿನಲ್ಲಿಯೋ ಸಿಕ್ಕಿಕೊಳ್ಳುವುದೂ ಉಂಟು.

ಇದಕ್ಕಿಂತ ಭಯಂಕರವಾದುದು ಬೂಷ್ಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೆ ಮಿಕ್ಕ ಟರ್ಕಿಕೋಳಿಗಳು ಸತ್ತಾಗ ಕಾರಣವನ್ನು ಅರಸಿ ಹೊರಟ ವಿಜ್ಞಾನಿಗಳಿಗೆ, ಅವುಗಳ ಮೇವಿನಲ್ಲಿ ಬೆರೆತಿದ್ದ ಕಡಲೆಕಾಯಿ ಹಿಂಡಿಯ ಬೂಷ್ಟಿನಿಂದ ಹುಟ್ಟಿದ ವಿಷವೊಂದು ಗೋಚರಿಸಿತು, ಅದೇ ಅಫ್ಲಾಟಾಕ್ಸಿನ್. 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನಗಳ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳವನ್ನುಂಡು ಸುಮಾರು ನೂರು ಜನ ಯಕೃತ್ತಿನ ವಿಕಾರದಿಂದ ಮಡಿದರು; ಅದೇ ಅನ್ನದಲ್ಲಿ ಪಾಲು ಪಡೆದಿದ್ದ ನಾಯಿಗಳೂ ಮಡಿದವು. ಹುರಿದ ಮಾತ್ರಕ್ಕೆ ಈ ವಿಷವು ಸಂಪೂರ್ಣವಾಗಿ ನಾಶವಾಗದು. ಕಮಟು ವಾಸನೆಯೆಂದು ನಾವು ಬದಿಗಿಟ್ಟ ಬೀಜವನ್ನು ‘ನಾಯಿಯಾದರೂ ತಿನ್ನಲಿ’ ಎಂದು ಅಂಗಳಕ್ಕೆ ಚೆಲ್ಲುವುದು ದಯೆಯಲ್ಲ, ದ್ರೋಹ.

ಹಬ್ಬಗಳಲ್ಲಿ ಗೋಡಂಬಿಯ ಜತೆಗೇ ಬರುವ ಒಣದ್ರಾಕ್ಷಿಯಂತೂ ಸರ್ವಥಾ ವರ್ಜ್ಯ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ನಾಯಿಯ ಮೂತ್ರಪಿಂಡಗಳನ್ನು ಕೆಡಿಸುತ್ತಿರಬೇಕೆಂದು ಅಮೆರಿಕದ ಪಶುವೈದ್ಯರು 2021ರಲ್ಲಿ ಸೂಚಿಸಿದರು. ಆ ಆಮ್ಲವು ನಮ್ಮ ಹುಣಸೆಹಣ್ಣಿನಲ್ಲಿಯೂ ಹೇರಳವಾಗಿರುವುದರಿಂದ ಸಾರು ಕಲಸಿದ ಅನ್ನವನ್ನು ಹಾಕುವವರು ಯೋಚಿಸಬೇಕು. ಆಸ್ಟ್ರೇಲಿಯ ಮೂಲದ ಮೆಕಡೇಮಿಯ ಬೀಜವು ನಾಯಿಗೆ ನಿಜವಾದ ವಿಷವೇ ಸರಿ: ತಿಂದ 12 ಗಂಟೆಗಳೊಳಗಾಗಿ ಹಿಂಗಾಲುಗಳು ಸೋತು, ಮೈ ನಡುಗಿ, ಜ್ವರವೇರುತ್ತದೆ, ಒಂದೆರಡು ದಿನಗಳಲ್ಲಿ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಸಕ್ಕರೆರಹಿತವೆಂದು ಮಾರುವ ಕೆಲವು ಪೀನಟ್ ಬಟರ್‌ಗಳಲ್ಲಿ ಸಕ್ಕರೆಗೆ ಬದಲಾಗಿ ಬೆರೆಸುವ ಝೈಲಿಟಾಲ್ ಎಂಬ ಸಿಹಿಕಾರಕವು ಇನ್ನೂ ಕ್ಷಿಪ್ರಘಾತಕ.

ನಮ್ಮ ನಾಡಿನ ಅಡಕೆಯ ವಿಷಯವು ವಿಲಕ್ಷಣವಾದುದು. ಅದರಲ್ಲಿರುವ ಅರಿಕೋಲಿನ್ ಎಂಬ ಸತ್ತ್ವವು ಕರುಳನ್ನು ಬಲವಾಗಿ ಕೆರಳಿಸುವುದರಿಂದ, ನಾಯಿಯ ಹೊಟ್ಟೆಯೊಳಗಿನ ಲಾಡಿಹುಳುವನ್ನು ಹೊರದೂಡಲು ಹಿಂದಿನ ಪಶುವೈದ್ಯರು ಅಡಕೆಯ ಪುಡಿಯನ್ನೇ ಔಷಧವಾಗಿ ಕೊಡುತ್ತಿದ್ದರು. ನ್ಯೂಜಿಲೆಂಡಿನಲ್ಲಿ ಕುರಿಕಾಯುವ ನಾಯಿಗಳ ಹುಳುಬಾಧೆಯನ್ನು ಪರೀಕ್ಷಿಸುವುದಕ್ಕೂ ಆ ಸತ್ತ್ವವು ದೀರ್ಘಕಾಲ ಬಳಕೆಯಲ್ಲಿತ್ತು. ಪ್ರಮಾಣವು ಮೀರಿದರೆ ಅದೇ ಔಷಧವು ಜೊಲ್ಲು, ವಾಂತಿ, ಭೇದಿ, ಸೆಳವುಗಳನ್ನು ತರುತ್ತಿದ್ದುದರಿಂದ, ಸುರಕ್ಷಿತವಾದ ಮಾತ್ರೆಗಳು ದೊರೆತ ಮೇಲೆ ಅದು ಹಿಂದೆ ಸರಿಯಿತು. ಮಲೆನಾಡಿನ ಅಂಗಳಗಳಲ್ಲಿ ಅಡಕೆ ಒಣಗುವ ಕಾಲದಲ್ಲಿ ಮರಿನಾಯಿಯನ್ನು ಅದರ ಬಳಿ ಬಿಡದಿರುವುದು ಲೇಸು.

ನಾಯಿಯು ತಿನ್ನಬಾರದ್ದನ್ನು ತಿಂದಿತೆಂದು ತಿಳಿದಾಗ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿರಿ. ಆ ಉಪ್ಪೇ ಪ್ರಾಣಕ್ಕೆ ಮುಳುವಾದೀತು. ಯಾವ ಬೀಜ, ಎಷ್ಟು, ಎಷ್ಟು ಹೊತ್ತಿಗೆ ತಿಂದಿತೆಂಬುದನ್ನು ಗುರುತಿಟ್ಟುಕೊಂಡು, ಪೊಟ್ಟಣವಿದ್ದರೆ ಅದನ್ನೂ ಹಿಡಿದುಕೊಂಡು, ತಡಮಾಡದೆ ಪಶುವೈದ್ಯರಲ್ಲಿಗೆ ಹೋಗಿರಿ.