ಕತ್ತಲಲ್ಲಿ ಕಾಯುವ ನಾಲ್ಕು ವಾರ

ಡಿಸೆಂಬರ್ ಬಂತೆಂದರೆ ಕರಾವಳಿಯ ಕ್ರೈಸ್ತರ ಮನೆಗಳ ಮುಂದೆ ಕಾಗದದ ನಕ್ಷತ್ರಗಳು ತೂಗತೊಡಗುತ್ತವೆ. ಅಡಿಗೆಮನೆಗಳಲ್ಲಿ ಕುಸ್ವಾರಿನ ತಯಾರಿ. ನೆವ್ರಿ, ಕಿಡಿಯೊ, ಗುಳಿಯೊಗಳಿಗಾಗಿ ಹಿಟ್ಟು ನಾದುವ, ಎಣ್ಣೆ ಕಾಯಿಸುವ ಸಡಗರ. ಬೆಂಗಳೂರಿನ ಬೇಕರಿಗಳಲ್ಲಿ ಪ್ಲಮ್ ಕೇಕಿನ ಘಮ. ಹೊರಗಿನಿಂದ ನೋಡುವವರಿಗೆ ಇದೆಲ್ಲ ಕ್ರಿಸ್‌ಮಸ್ಸೇ. ಆದರೆ ಚರ್ಚಿನ ಪಂಚಾಂಗದ ಪ್ರಕಾರ ಹಬ್ಬ ಇನ್ನೂ ಬಂದಿರುವುದಿಲ್ಲ. ಡಿಸೆಂಬರ್ 24ರ ಸಂಜೆಯವರೆಗಿನದು ಬೇರೆಯೇ ಒಂದು ಕಾಲ. ಅದಕ್ಕೆ ಆಗಮನ ಕಾಲವೆಂದು ಹೆಸರು, ಇಂಗ್ಲಿಷಿನಲ್ಲಿ ಅಡ್ವೆಂಟ್. ಅದು ಕಾಯುವ ಕಾಲ.

ಕಾಯುವುದು ಎಂದರೇನು ಎಂಬುದು ಸುಖವಾಗಿರುವವರಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ರಾತ್ರಿಯಿಡೀ ಕೂತವರಿಗೆ, ಕಡಲಿಗಿಳಿದ ದೋಣಿ ಹೊತ್ತಾದರೂ ದಡಕ್ಕೆ ಬಾರದ ಮನೆಯವರಿಗೆ, ಸೆರೆಮನೆಯಲ್ಲಿರುವವರಿಗೆ ಗೊತ್ತು. ಕಳೆದ ಶತಮಾನದಲ್ಲಿ ಆಗಮನ ಕಾಲದ ಬಗ್ಗೆ ಮೂಡಿದ ಅತ್ಯಂತ ಗಾಢವಾದ ಕೆಲವು ಬರಹಗಳು ಬರ್ಲಿನ್ನಿನ ಒಂದು ಸೆರೆಮನೆಯಿಂದ ಬಂದವು ಎಂಬುದು ಆಕಸ್ಮಿಕವೇನಲ್ಲ. ಬರೆದವರು ಇಬ್ಬರು. ಒಬ್ಬರು ಲೂಥರನ್ ಪಾದ್ರಿ, ಇನ್ನೊಬ್ಬರು ಕ್ಯಾಥೋಲಿಕ್ ಗುರು. ಇಬ್ಬರೂ ಅಲ್ಲಿಂದ ಜೀವಂತವಾಗಿ ಮನೆಗೆ ಮರಳಲಿಲ್ಲ. ಹಾಗಿದ್ದರೆ ಅವರು ಬರೆದ ಭರವಸೆಗೆ ಏನರ್ಥ? ಪ್ರತಿ ವರ್ಷ ಡಿಸೆಂಬರಿನಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಭಯದಿಂದಲೇ ಆರಂಭ

ಲ್ಯಾಟಿನ್ ಭಾಷೆಯ ‘ಅದ್ವೆಂತುಸ್’ ಎಂದರೆ ಬರುವಿಕೆ. ನವೆಂಬರ್ 30 ಸಂತ ಅಂದ್ರೆಯನ ದಿನ. ಅದಕ್ಕೆ ಅತ್ಯಂತ ಸಮೀಪದ ಭಾನುವಾರದಿಂದ ಆಗಮನ ಕಾಲ ಶುರು. ಹೀಗಾಗಿ ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಯಾವಾಗ ಬೇಕಾದರೂ ಬರಬಹುದು. ಕ್ರಿಸ್‌ಮಸ್ಸಿಗೆ ಮುಂಚೆ ನಾಲ್ಕು ಭಾನುವಾರ ಬರಲೇಬೇಕೆಂಬುದು ನಿಯಮವಾದ್ದರಿಂದ ಈ ಕಾಲ 22 ದಿನಕ್ಕಿಂತ ಕಡಿಮೆಯಿಲ್ಲ, 28 ದಿನ ಮೀರುವುದಿಲ್ಲ. ಪಾಶ್ಚಾತ್ಯ ಸಂಪ್ರದಾಯದ ಚರ್ಚುಗಳಿಗೆ ಹೊಸ ವರ್ಷ ಆರಂಭವಾಗುವುದೂ ಇದೇ ದಿನ. ಗುರುಗಳು ನೇರಳೆ ಬಣ್ಣದ ಉಡುಪು ತೊಡುತ್ತಾರೆ. ಈಸ್ಟರಿಗೆ ಮುಂಚಿನ ತಪಸ್ಸಿನ ದಿನಗಳ ಬಣ್ಣವೂ ಅದೇ.

ಹಬ್ಬದ ಸಿದ್ಧತೆ ಎಂದರೆ ಸಿಹಿ ಮಾತುಗಳಿಂದ ಶುರುವಾಗಬೇಕೆಂದು ನಮ್ಮ ಎಣಿಕೆ. ಆದರೆ ಮೊದಲ ಭಾನುವಾರ ಚರ್ಚಿನಲ್ಲಿ ಓದುವುದು ಲೋಕಾಂತ್ಯದ ಕುರಿತು ಯೇಸು ನೀಡಿದ ಎಚ್ಚರಿಕೆಯನ್ನು. ಲೂಕನ ಸುವಾರ್ತೆಯಲ್ಲಂತೂ ಸೂರ್ಯಚಂದ್ರರಲ್ಲಿ ವಿಪರೀತದ ಸೂಚನೆಗಳು, ಭೋರ್ಗರೆಯುವ ಕಡಲು, ಮುಂದೇನೋ ಎಂಬ ಹೆದರಿಕೆಯಿಂದ ಕಂಗೆಟ್ಟ ಜನ ಎಲ್ಲವೂ ಇದೆ. ಅದರ ನಡುವೆಯೇ ಯೇಸು ತನ್ನವರಿಗೆ ತಲೆ ಎತ್ತಿ ನೋಡಲು ಹೇಳುತ್ತಾನೆ, ಬಿಡುಗಡೆ ಹತ್ತಿರ ಬಂದಿದೆ ಎನ್ನುತ್ತಾನೆ.

ಈ ಕಾಲದುದ್ದಕ್ಕೂ ಓದುವ ಯೆಶಾಯನ ಪ್ರವಾದನೆಯ ಹಿನ್ನೆಲೆಯೂ ಸೌಮ್ಯವಾದುದಲ್ಲ. ಕ್ರಿಸ್ತಪೂರ್ವ 8ನೇ ಶತಮಾನದಲ್ಲಿ ಅಸ್ಸೀರಿಯದ ಸೈನ್ಯ ಒಂದೊಂದೇ ರಾಜ್ಯವನ್ನು ನುಂಗುತ್ತಾ ಬರುತ್ತಿದ್ದಾಗ ಜೆರೂಸಲೇಮಿನ ಭಯಗ್ರಸ್ತ ದೊರೆಗೆ, ಜನರಿಗೆ ಪ್ರವಾದಿ ಆಡಿದ ಮಾತುಗಳಿವೆ ಅದರಲ್ಲಿ. ಕತ್ತಿಗಳನ್ನು ನೇಗಿಲ ಗುಳಗಳನ್ನಾಗಿ ಬಡಿಯುವ ದಿನದ ಕನಸು ಕತ್ತಿಗಳು ಝಳಪಿಸುತ್ತಿದ್ದ ದಿನಗಳಲ್ಲೇ ಹುಟ್ಟಿದ್ದು. ಲೂಕನ ಕಥನದಲ್ಲಿ ದೇವದೂತ ಮುದುಕ ಜಕರೀಯನಿಗೆ, ತರುಣಿ ಮರಿಯಳಿಗೆ, ರಾತ್ರಿ ಮಂದೆ ಕಾಯುತ್ತಿದ್ದ ಕುರುಬರಿಗೆ ಕಾಣಿಸಿಕೊಂಡಾಗಲೆಲ್ಲ ಹೆದರಬೇಡಿ ಎಂದು ಧೈರ್ಯ ಹೇಳಬೇಕಾಗುತ್ತದೆ. ಹೆದರಿದವರಿಗಲ್ಲವೇ ಆ ಮಾತು ಬೇಕಾಗುವುದು?

ಗಣಿಯೊಳಗಿನ ಸದ್ದು

1933ರ ಡಿಸೆಂಬರ್ 3, ಆಗಮನ ಕಾಲದ ಮೊದಲ ಭಾನುವಾರ. ಲಂಡನ್ನಿನ ಜರ್ಮನ್ ಸಭೆಯೊಂದರಲ್ಲಿ 27ರ ಹರೆಯದ ಪಾದ್ರಿ ಡೀಟ್ರಿಖ್ ಬಾನ್‌ಹೋಫರ್ ಲೂಕನ ಇದೇ ಭಾಗವನ್ನು ಆರಿಸಿಕೊಂಡು ಪ್ರವಚನ ಮಾಡಿದರು. ಹಿಟ್ಲರ್ ಅಧಿಕಾರಕ್ಕೆ ಬಂದು ಆಗಿನ್ನೂ ಒಂದು ವರ್ಷ ತುಂಬಿರಲಿಲ್ಲ. ಬಾನ್‌ಹೋಫರ್ ಆ ದಿನ ಕೊಟ್ಟ ದೃಷ್ಟಾಂತ ಗಣಿ ಅಪಘಾತದ್ದು. ಭೂಮಿಯ ಆಳದಲ್ಲಿ ಕುಸಿತವಾಗಿ ದಾರಿ ಮುಚ್ಚಿಹೋಗಿದೆ. ಒಳಗೆ ಸಿಕ್ಕಿಕೊಂಡವನಿಗೆ ತನ್ನ ಶಕ್ತಿಯಿಂದ ಹೊರಬರುವ ಮಾರ್ಗವಿಲ್ಲ. ಸುತ್ತ ಕತ್ತಲು, ಮೌನ. ಆಗ ಎಲ್ಲಿಂದಲೋ ಕಲ್ಲು ಒಡೆಯುವ ಸದ್ದು ಕೇಳುತ್ತದೆ. ಇನ್ನೂ ದೂರ, ಆದರೆ ಸದ್ದು ಸುಳ್ಳಲ್ಲ. ಯಾರೋ ತನ್ನ ಕಡೆಗೆ ಬರುತ್ತಿದ್ದಾರೆ. ಅವನು ಬಿಡುಗಡೆ ಹೊಂದಿಲ್ಲ. ಆದರೂ ಆ ಗಳಿಗೆಯಿಂದ ಅವನು ಕಾಯುವ ರೀತಿಯೇ ಬದಲಾಗುತ್ತದೆ. ಕೋಲಾರದ ಚಿನ್ನದ ಗಣಿಗಳ ಆಳದಲ್ಲಿ ದುಡಿದವರ ಮನೆಗಳಲ್ಲಿ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹತ್ತು ವರ್ಷಗಳ ಬಳಿಕ ಅವರೇ ಒಳಗೆ ಸಿಕ್ಕಿಕೊಂಡರು. ಹಿಟ್ಲರನ ವಿರುದ್ಧದ ಗುಪ್ತ ಕೂಟದಲ್ಲಿ ಸೇರಿದ್ದ ಬಾನ್‌ಹೋಫರ್ 1943ರ ಏಪ್ರಿಲ್ 5ರಂದು ಬಂಧಿತರಾಗಿ ಬರ್ಲಿನ್ನಿನ ಟೇಗೆಲ್ ಸೆರೆಮನೆ ಸೇರಿದರು. ಅದೇ ವರ್ಷದ ಜನವರಿಯಲ್ಲಷ್ಟೇ ಮರಿಯಾ ಫಾನ್ ವೆಡೆಮೈಯರ್ ಜೊತೆ ಅವರ ಮದುವೆ ನಿಶ್ಚಯವಾಗಿತ್ತು. ಕ್ರಿಸ್‌ಮಸ್ಸಿನ ಹೊತ್ತಿಗೆ ಬಿಡುಗಡೆಯಾದೀತೆಂಬ ಆಸೆಯೂ ಇತ್ತು. ಆಗಲಿಲ್ಲ. ನವೆಂಬರ್ ನಡುವಿನಿಂದ ಬರ್ಲಿನ್ನಿನ ಮೇಲೆ ಬ್ರಿಟಿಷ್ ವಿಮಾನಗಳ ಭಾರಿ ಬಾಂಬ್ ದಾಳಿ ಆರಂಭವಾಯಿತು. ಬಾಂಬ್ ಬೀಳುವಾಗ ಬೀಗ ಹಾಕಿದ ಕೋಣೆಗಳೊಳಗೆ ಕೈದಿಗಳು ಚೀರಾಡುತ್ತಿದ್ದರು.

ಆ ದಿನಗಳಲ್ಲಿ ಗೆಳೆಯನಿಗೆ ಬರೆದ ಪತ್ರವೊಂದರಲ್ಲಿ ಬಾನ್‌ಹೋಫರ್ ಸೆರೆಮನೆಯ ಕೋಣೆಯನ್ನು ಆಗಮನ ಕಾಲಕ್ಕೆ ಹೋಲಿಸುತ್ತಾರೆ. ಒಳಗಿರುವವನು ಕಾಯುತ್ತಾನೆ, ಆಸೆಪಡುತ್ತಾನೆ, ಏನೇನೋ ಸಣ್ಣಪುಟ್ಟ ಕೆಲಸ ಮಾಡುತ್ತಾನೆ. ಆದರೆ ಬಾಗಿಲಿಗೆ ಬೀಗ ಬಿದ್ದಿದೆ; ಅದನ್ನು ತೆರೆಯಲು ಹೊರಗಿನವರಿಂದ ಮಾತ್ರ ಸಾಧ್ಯ ಎಂಬುದು ಅವರ ಮಾತಿನ ತಾತ್ಪರ್ಯ. ಇನ್ನೊಂದು ಕಡೆ 16ನೇ ಶತಮಾನದ ಜರ್ಮನ್ ಚಿತ್ರಕಾರ ಆಲ್‌ಟ್‌ಡಾರ್ಫರ್ ಬರೆದ ಯೇಸುಜನನದ ಚಿತ್ರವನ್ನು ನೆನೆಯುತ್ತಾರೆ. ಅದರಲ್ಲಿ ಕೂಸು ಇರುವುದು ಕುಸಿದುಬಿದ್ದ ಮನೆಯೊಂದರ ಅವಶೇಷಗಳ ನಡುವೆ. ಆ ವರ್ಷದ ಬರ್ಲಿನ್ನಿಗೆ ಅದಕ್ಕಿಂತ ಹೊಂದುವ ಚಿತ್ರ ಬೇರೆ ಯಾವುದಿತ್ತು?

ತಂದೆತಾಯಿಗೆ ಬರೆದ ಪತ್ರದಲ್ಲಿ ಅವರು ಮಗನಾಗಿ ಸಮಾಧಾನ ಹೇಳುತ್ತಾರೆ. ಛತ್ರದಲ್ಲಿ ಜಾಗವಿಲ್ಲದೆ ದನದ ಕೊಟ್ಟಿಗೆಯಲ್ಲಿ ಹುಟ್ಟಿದವನ ಕಥೆ ಕೈದಿಗೆ ಉಳಿದವರಿಗಿಂತ ಚೆನ್ನಾಗಿ ಅರ್ಥವಾಗುತ್ತದೆ ಎಂಬುದು ಅವರ ಅಭಿಪ್ರಾಯ. ಆ ಕ್ರಿಸ್‌ಮಸ್ಸಿಗೆ ಅವರು ಮಾಡಿದ ಇನ್ನೊಂದು ಕೆಲಸವೆಂದರೆ ಜೊತೆಯ ಕೈದಿಗಳಿಗಾಗಿ ಪ್ರಾರ್ಥನೆಗಳನ್ನು ಬರೆದುಕೊಟ್ಟದ್ದು. ತಾನೇ ನಡುಗುತ್ತಿರುವವನು ಪಕ್ಕದ ಕೋಣೆಯವನ ಭಯಕ್ಕೆ ಮಾತು ಹುಡುಕಿಕೊಟ್ಟದ್ದು ಸಣ್ಣ ಸಂಗತಿಯಲ್ಲ.

ಕೈಕೋಳದಲ್ಲಿ ಬರೆದದ್ದು

ಮುಂದಿನ ವರ್ಷದ ಆಗಮನ ಕಾಲಕ್ಕೆ ಟೇಗೆಲ್‌ನಲ್ಲಿದ್ದವರು ಯೇಸುಸಭೆಯ ಗುರು ಆಲ್‌ಫ್ರೆಡ್ ಡೆಲ್ಪ್. ಹಿಟ್ಲರ್ ಹೋದ ಮೇಲೆ ಜರ್ಮನಿ ಹೇಗಿರಬೇಕು ಎಂದು ಚಿಂತಿಸುತ್ತಿದ್ದ ಕ್ರೈಸೌ ಕೂಟದಲ್ಲಿ ಅವರೂ ಒಬ್ಬರು. 1944ರ ಜುಲೈ 20ರಂದು ಹಿಟ್ಲರನ ಹತ್ಯೆಯ ಯತ್ನ ವಿಫಲವಾಯಿತು. ಎಂಟು ದಿನಗಳ ಬಳಿಕ ಮ್ಯೂನಿಕ್ಕಿನಲ್ಲಿ ಬೆಳಗಿನ ಪೂಜೆ ಮುಗಿಸಿದ ಡೆಲ್ಪ್‌ರನ್ನು ಗೆಸ್ಟಾಪೊ ಹಿಡಿದೊಯ್ದಿತು.

ಟೇಗೆಲ್‌ನಲ್ಲಿ ಡೆಲ್ಪ್‌ರ ಕೈಗಳಿಗೆ ಹಗಲಿರುಳೂ ಕೋಳ. ಆ ಕೈಗಳಿಂದಲೇ ಅವರು ಆಗಮನ ಕಾಲದ ಭಾನುವಾರಗಳ ಬಗ್ಗೆ, ಅದರ ಪಾತ್ರಗಳ ಬಗ್ಗೆ ಧ್ಯಾನಗಳನ್ನು ಬರೆದರು. ಮಾರಿಯಾನ್ನೆ ಹಾಪಿಗ್ ಮತ್ತು ಮಾರಿಯಾನ್ನೆ ಪ್ಯುಂಡರ್ ಎಂಬ ಇಬ್ಬರು ಮಹಿಳೆಯರು ಕೈದಿಗಳ ಬಟ್ಟೆ ಒಗೆದು ತಂದುಕೊಡುವ ನೆಪದಲ್ಲಿ ಸೆರೆಮನೆಗೆ ಬಂದುಹೋಗುತ್ತಿದ್ದರು. ಬಟ್ಟೆಯ ಗಂಟಿನಲ್ಲಿ ಅಡಗಿ ಆ ಚೀಟಿಗಳು ಹೊರಬಂದವು. ಸಿಕ್ಕಿಬಿದ್ದಿದ್ದರೆ ಅವರ ಗತಿಯೂ ಮುಗಿಯುತ್ತಿತ್ತು. ಇಂದು ನಾವು ಡೆಲ್ಪ್‌ರ ಬರಹ ಓದುತ್ತಿರುವುದು ಅವರ ಧೈರ್ಯದಿಂದ.

ಡೆಲ್ಪ್‌ರ ಬರಹದಲ್ಲಿ ಸಿಹಿಯ ಲೇಪವಿಲ್ಲ. ಮನುಷ್ಯನನ್ನು ಬುಡಸಮೇತ ಅಲುಗಾಡಿಸಿ ಎಚ್ಚರಿಸುವ ಕಾಲವೇ ಆಗಮನ ಕಾಲ ಎಂಬುದು ಅವರ ಮುಖ್ಯ ವಿಚಾರ. ತಾನೇ ಎಲ್ಲಕ್ಕೂ ಒಡೆಯ ಎಂಬ ಸೊಕ್ಕು ಮುರಿದಾಗ ಮಾತ್ರ ಬರುವವನಿಗೆ ಜಾಗವಾಗುತ್ತದೆ. 1944ರ ಡಿಸೆಂಬರ್ 8ರಂದು, ನೋಡಲು ಬಂದ ಸಹಗುರುವಿನ ಎದುರು ಅವರು ಸೆರೆಮನೆಯಲ್ಲೇ ಯೇಸುಸಭೆಯ ಅಂತಿಮ ವ್ರತ ಸ್ವೀಕರಿಸಿದರು. 1945ರ ಜನವರಿ 11ರಂದು ಮರಣದಂಡನೆಯ ತೀರ್ಪಾಯಿತು. ಫೆಬ್ರವರಿ 2ರಂದು ಪ್ಲೋಟ್ಸೆನ್‌ಸೇಯಲ್ಲಿ ಗಲ್ಲು. ಅವರಿಗಾಗ 37 ವರ್ಷ. ತೀರ್ಪು ಕೊಟ್ಟ ನ್ಯಾಯಾಧೀಶ ಫ್ರೈಸ್ಲರ್ ಮಾರನೆಯ ದಿನವೇ ಬಾಂಬ್ ದಾಳಿಯಲ್ಲಿ ಸತ್ತ.

ಬಾನ್‌ಹೋಫರ್‌ರನ್ನು 1944ರ ಅಕ್ಟೋಬರಿನಲ್ಲಿ ಟೇಗೆಲ್‌ನಿಂದ ಗೆಸ್ಟಾಪೊದ ನೆಲಮಾಳಿಗೆಗೆ ಒಯ್ದಿದ್ದರು. ಅಲ್ಲಿಂದ ಡಿಸೆಂಬರ್ 19ರಂದು ಮರಿಯಾಗೆ ಬರೆದ ಪತ್ರದೊಡನೆ ಒಂದು ಕವಿತೆ ಇತ್ತು. ಒಳ್ಳೆಯ ಶಕ್ತಿಗಳು ತನ್ನನ್ನು ಸುತ್ತುವರಿದು ಕಾಯುತ್ತಿವೆ ಎಂಬ ಭಾವದ ಆ ಕವಿತೆಯನ್ನು ಜರ್ಮನಿಯ ಚರ್ಚುಗಳಲ್ಲಿ ವರ್ಷದ ಕೊನೆಯ ದಿನ ಇಂದಿಗೂ ಹಾಡುತ್ತಾರೆ. 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬ್ಯುರ್ಗ್ ಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಿದರು. ಯುರೋಪಿನಲ್ಲಿ ಯುದ್ಧ ಮುಗಿಯಲು ಉಳಿದಿದ್ದುದು ಒಂದು ತಿಂಗಳು.

ಬಂಡಿಚಕ್ರದ ಮೇಲೆ ದೀಪ

ಕರ್ನಾಟಕದ ಅನೇಕ ಚರ್ಚುಗಳಲ್ಲೂ ಈಗ ಹಸಿರೆಲೆಯ ಬಳೆಯಾಕಾರದ ಹಾರದ ನಡುವೆ ನಾಲ್ಕು ಮೇಣದಬತ್ತಿ ಇಟ್ಟಿರುವುದನ್ನು ಕಾಣಬಹುದು. ವಾರಕ್ಕೊಂದರಂತೆ ಹಚ್ಚುತ್ತಾ ಹೋಗುತ್ತಾರೆ. ಭರವಸೆ, ಶಾಂತಿ, ಸಂತೋಷ, ಪ್ರೀತಿ ಎಂದು ಒಂದೊಂದಕ್ಕೆ ಒಂದೊಂದು ಅರ್ಥ ಹೇಳುವ ರೂಢಿಯೂ ಇದೆ. ಈ ಪದ್ಧತಿ ಅರಮನೆಯಲ್ಲಿ ಹುಟ್ಟಿದ್ದಲ್ಲ. ಹ್ಯಾಂಬರ್ಗಿನ ಬಳಿ 1833ರಲ್ಲಿ ಯೋಹಾನ್ ಹಿನ್ರಿಖ್ ವಿಖರ್ನ್ ಎಂಬಾತ ದಿಕ್ಕಿಲ್ಲದ ಬಡಮಕ್ಕಳಿಗಾಗಿ ಒಂದು ಆಶ್ರಯಧಾಮ ತೆರೆದ. ಹಬ್ಬಕ್ಕೆ ಇನ್ನೆಷ್ಟು ದಿನ ಎಂದು ಮಕ್ಕಳು ಪ್ರಾಣ ತಿನ್ನುತ್ತಿದ್ದುದರಿಂದ 1839ರಲ್ಲಿ ಬಂಡಿಯ ಚಕ್ರವೊಂದರ ಮೇಲೆ ಭಾನುವಾರಗಳಿಗೆ ನಾಲ್ಕು ದೊಡ್ಡ ಬಿಳಿ ಬತ್ತಿ, ಉಳಿದ ದಿನಗಳಿಗೆ ಸಣ್ಣ ಕೆಂಪು ಬತ್ತಿಗಳನ್ನು ನಿಲ್ಲಿಸಿದನಂತೆ. ಎಣಿಸಲು ಬಾರದ ಮಗುವೂ ಕಣ್ಣಿನಿಂದಲೇ ಲೆಕ್ಕ ಹಿಡಿಯಬಹುದಿತ್ತು.

ಉತ್ತರ ಗೋಳಾರ್ಧದಲ್ಲಿ ಡಿಸೆಂಬರ್ 21-22ರವರೆಗೆ ಹಗಲು ಕುಗ್ಗುತ್ತಲೇ ಹೋಗುತ್ತದೆ. ಹ್ಯಾಂಬರ್ಗಿನಂಥ ಊರಲ್ಲಿ ಆಗ ಮಧ್ಯಾಹ್ನ ನಾಲ್ಕಕ್ಕೇ ಕತ್ತಲು. ಹೊರಗೆ ಕತ್ತಲು ಹೆಚ್ಚಿದಂತೆಲ್ಲ ಒಳಗೆ ಒಂದೊಂದು ದೀಪ ಹೆಚ್ಚುವ ಏರ್ಪಾಡು ಇದು. ವಿಖರ್ನ್ ಕಟ್ಟಿದ ಆಶ್ರಯಧಾಮದ ಬಹುಭಾಗ 1943ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಆದರೆ ಅಲ್ಲಿ ಹಚ್ಚಿದ ದೀಪದ ಪದ್ಧತಿ ಅಷ್ಟರಲ್ಲಿ ಬೇರೆ ಮನೆಗಳಿಗೆ ದಾಟಿಯಾಗಿತ್ತು.

ಯಾವ ಭರವಸೆ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಇಬ್ಬರೂ ಕಾದರು, ಇಬ್ಬರಿಗೂ ಬಾಗಿಲು ತೆರೆದದ್ದು ಗಲ್ಲಿನ ಕಡೆಗೆ. ಹಾಗಾದರೆ ಅವರ ಭರವಸೆ ಸುಳ್ಳಾಯಿತೇ?

ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆಯೇ ಭರವಸೆ ಎಂದಾದರೆ ಅದು ಸುಳ್ಳಾಯಿತು. ಆದರೆ ಅವರು ಬರೆದದ್ದು ಅದನ್ನಲ್ಲ. ತಮಗೆ ಬಿಡುಗಡೆ ಬೇಕೆಂದು ಇಬ್ಬರೂ ಮುಚ್ಚುಮರೆಯಿಲ್ಲದೆ ಆಸೆಪಟ್ಟರು, ಪ್ರಾರ್ಥಿಸಿದರು. ಅದು ಸಿಗದೆ ಹೋದರೂ ದೇವರು ತಮ್ಮ ಕಡೆಗೆ ಬರುತ್ತಿರುವುದು ನಿಲ್ಲುವುದಿಲ್ಲ ಎಂಬುದು ಅವರು ಹಿಡಿದುಕೊಂಡ ಎಳೆ. ಕ್ರೈಸ್ತರ ಶಾಂತಿಯ ಕಲ್ಪನೆಯೂ ಇದಕ್ಕೆ ಹೊಂದಿಕೊಂಡಿದೆ. ಬೈಬಲ್ಲಿನ ಹೀಬ್ರೂ ಮಾತು ‘ಶಾಲೋಮ್’ ಎಂದರೆ ಗದ್ದಲವಿಲ್ಲದಿರುವುದಷ್ಟೇ ಅಲ್ಲ. ಮುರಿದದ್ದು ಕೂಡಿ ಇಡಿಯಾಗುವುದು.

ಈ ಭರವಸೆ ಕೈಕಟ್ಟಿ ಕೂರಿಸುವುದೂ ಇಲ್ಲ. ಬಂಧನಕ್ಕೆ ಮುಂಚೆ, 1942ರ ಕೊನೆಯಲ್ಲಿ, ಬಾನ್‌ಹೋಫರ್ ಜೊತೆಗಾರರಿಗಾಗಿ ಒಂದು ಪ್ರಬಂಧ ಬರೆದಿದ್ದರು. ಪ್ರಳಯ ನಾಳೆಯೇ ಬಂದರೆ ಬರಲಿ, ಆಗ ಕೆಲಸ ನಿಲ್ಲಿಸೋಣ. ಅಲ್ಲಿಯವರೆಗೆ ಮುಂದಿನ ಪೀಳಿಗೆಗಾಗಿ ದುಡಿಯುವುದನ್ನು ಬಿಡಲಾಗದು ಎಂಬ ಆಶಯ ಅದರಲ್ಲಿದೆ. ಪ್ರಾರ್ಥನೆ ಬರೆದುಕೊಟ್ಟ ಕೈದಿ, ಬಟ್ಟೆಯ ಗಂಟು ಹೊತ್ತ ಇಬ್ಬರು ಮಹಿಳೆಯರು, ಮಕ್ಕಳಿಗಾಗಿ ಬಂಡಿಚಕ್ರ ಹುಡುಕಿದ ವಿಖರ್ನ್ ಎಲ್ಲರೂ ಕಾಯುತ್ತಾ ಏನನ್ನೋ ಮಾಡುತ್ತಿದ್ದವರೇ.

ಭಯದ ಕಾಲ ಮುಗಿದುಹೋಗಿಲ್ಲ. 2020ರಲ್ಲಿ ಕೋವಿಡ್ ಹೆದರಿಕೆಯ ನಡುವೆ ಲೋಕದ ಅದೆಷ್ಟೋ ಚರ್ಚುಗಳು ಖಾಲಿ ಬೆಂಚುಗಳ ಮುಂದೆ ಆಗಮನ ಕಾಲದ ಬತ್ತಿ ಹಚ್ಚಿದವು. 2023ರ ಡಿಸೆಂಬರಿನಲ್ಲಿ ಗಾಜಾ ಯುದ್ಧದ ಕಾರಣ ಯೇಸು ಹುಟ್ಟಿದ ಬೆತ್ಲೆಹೇಮಿನಲ್ಲೇ ಕ್ರಿಸ್‌ಮಸ್ಸಿನ ಸಂಭ್ರಮ ರದ್ದಾಯಿತು. ಅಲ್ಲಿನ ಲೂಥರನ್ ಚರ್ಚಿನವರು ಆ ವರ್ಷ ಗೋದಲಿಯನ್ನು ಹುಲ್ಲಿನಿಂದ ಮಾಡಲಿಲ್ಲ. ಒಡೆದ ಕಾಂಕ್ರೀಟಿನ ತುಂಡುಗಳನ್ನು ರಾಶಿ ಹಾಕಿ, ಅದರ ನಡುವೆ ಕೂಸನ್ನು ಮಲಗಿಸಿದರು. ಆಲ್‌ಟ್‌ಡಾರ್ಫರ್ ಬರೆದ ಪಾಳುಮನೆಯ ಚಿತ್ರ ಐನೂರು ವರ್ಷಗಳ ನಂತರ ಮತ್ತೆ ಹೊಂದಿಕೆಯಾಯಿತು. ಹೊಂದಿಕೆಯಾಗಬಾರದಿತ್ತು ಎನ್ನುವುದೂ ನಿಜ.

ಮುಂದಿನ ಬಾರಿ ಯಾವುದಾದರೂ ಚರ್ಚಿನಲ್ಲಿ ನಾಲ್ಕು ಬತ್ತಿಗಳ ಪೈಕಿ ಒಂದೇ ಒಂದು ಉರಿಯುತ್ತಿರುವುದು ಕಂಡರೆ, ಉಳಿದ ಮೂರು ಹಚ್ಚಲು ಮರೆತಿದ್ದಾರೆ ಎಂದುಕೊಳ್ಳಬೇಡಿ. ಅವರಿನ್ನೂ ಕಾಯುತ್ತಿದ್ದಾರೆ.