ಓಣಿಯ ಸಪ್ಪಳ

ಬಾಗಲಕೋಟೆಯ ಹಳೇ ಊರಿನ ನಮ್ಮ ಓಣಿಯಲ್ಲಿ ಬೆಳಕಿಗಿಂತ ಮೊದಲು ಸಪ್ಪಳ ಏಳುತ್ತದೆ. ಐದೂವರೆಯ ಹೊತ್ತಿಗೆ ಕೋಳಿ ಕೂಗಿರುತ್ತದೆ, ಬಾಂಗು ಆಗಿರುತ್ತದೆ, ನಲ್ಲಿ ನೀರು ಬರುವ ದಿನವಾದರೆ ಕೊಡಗಳ ಗದ್ದಲವೂ ಒಂದು ಸುತ್ತು ಮುಗಿದಿರುತ್ತದೆ. ಆಮೇಲೆ ಯಾವುದೋ ಒಂದು ಅಡುಗೆಮನೆಯಿಂದ ಟಪ್, ಟಪ್, ಟಪ್ ಎಂದು ಸಣ್ಣಗೆ ಶುರುವಾಗುತ್ತದೆ. ಅದು ಒಂದು ಗತಿಗೆ ಬರುವಷ್ಟರಲ್ಲಿ ಎದುರು ಮನೆಯದು. ಅದರ ಬೆನ್ನಿಗೆ ಮೂಲೆಮನೆಯದು. ಆರಕ್ಕೆ ಓಣಿಗೆ ಓಣಿಯೇ ರೊಟ್ಟಿ ಬಡಿಯುತ್ತಿರುತ್ತದೆ. ಒಬ್ಬರದು ಬಿರುಸು, ಒಬ್ಬರದು ನಿಧಾನ. ಒಂದು ಕೈಯ ಬಳೆಗಳು ಜೊತೆಗೂಡಿ ಕಿಣಿಗುಡುತ್ತವೆ, ಇನ್ನೊಂದು ಕೈಯಲ್ಲಿ ಬಳೆಯಿಲ್ಲ. ಮಾಳಿಗೆಯಲ್ಲಿ ಹಾಸಿಗೆ ಬಿಟ್ಟೇಳದೆಯೇ ಎಷ್ಟು ಮನೆಯಲ್ಲಿ ಒಲೆ ಹೊತ್ತಿತು ಎಂದು ಎಣಿಸಬಹುದು.

ನಾನು ಮಂಡ್ಯ ಕಡೆಯವನು. ಮುದ್ದೆ ಉಂಡು ಬೆಳೆದ ನಮಗೆ ರೊಟ್ಟಿಯೆಂದರೆ ಅಕ್ಕಿರೊಟ್ಟಿ ಇಲ್ಲವೇ ರಾಗಿರೊಟ್ಟಿ, ಎಣ್ಣೆ ಸವರಿ ಕೈಯಲ್ಲಿ ತಟ್ಟಿದ್ದು. ಎಣ್ಣೆಯ ಹನಿಯಿಲ್ಲದೆ, ಲಟ್ಟಣಿಗೆಯಿಲ್ಲದೆ, ಬರೀ ಅಂಗೈಯಿಂದ ತಟ್ಟೆಯಗಲ ಬಡಿದು ಸುಡುವ ಜೋಳದ ರೊಟ್ಟಿಯನ್ನು ಹತ್ತಿರದಿಂದ ಕಂಡದ್ದು ನೌಕರಿಗೆಂದು ಇಲ್ಲಿಗೆ ಬಂದ ಮೇಲೆ. ಒಂದು ವರ್ಷ ಖಾನಾವಳಿಯಲ್ಲಿ ಉಂಡೆ. ತಟ್ಟೆಯಲ್ಲಿ ಎಣ್ಣೆಗಾಯಿ, ಹೆಸರುಕಾಳು, ಗುರೆಳ್ಳು ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ. ಕೈ ತಟ್ಟೆಯಲ್ಲಿದ್ದರೂ ಕಣ್ಣು ಮಾತ್ರ ಒಳಗೆ ಒಲೆಯ ಮುಂದೆ ಕೂತ ಹೆಂಗಸಿನ ಕೈಮೇಲೆ ಇರುತ್ತಿತ್ತು. ಒಂದು ದಿನ ಧೈರ್ಯ ಮಾಡಿ ಕೆಳಗಿನ ಮನೆಯ ಆಯಿಯನ್ನು ಕೇಳಿದೆ.

“ಆಯಿ, ನಂಗೆ ರೊಟ್ಟಿ ಮಾಡೋದು ಕಲಿಸ್ತೀರಾ?”

ಆಯಿಗೆ ಎಪ್ಪತ್ತು ದಾಟಿದೆ. ಮೊರದಲ್ಲಿ ಕಡಲೆ ಹಸನು ಮಾಡುತ್ತಿದ್ದವರು ತಲೆಯೆತ್ತಲಿಲ್ಲ. ಗಂಡಸರಿಗೆ ಇದೇಕೆ ಎಂದಾರು ಅಂದುಕೊಂಡಿದ್ದೆ. ಅವರು ಕೇಳಿದ್ದೇ ಬೇರೆ.

“ಜ್ವಾಳ ತಂದೀಯೇನ ತಮ್ಮಾ?”

ಅಲ್ಲಿಂದ ಪಾಠ ಸಂತೆಯಲ್ಲಿ ಶುರುವಾಯಿತು. ಜೋಳ ಎಂದರೆ ಯಾವುದೋ ಒಂದು ಜೋಳ ನಡೆಯುವುದಿಲ್ಲ. ಹಿಂಗಾರಿಯ ಬಿಳಿಜೋಳ ಬೇಕು, ಅದರಲ್ಲೂ ಮಾಲದಂಡಿ ಸಿಕ್ಕರೆ ಬಿಡಬಾರದು. ಈ ಬೆಳೆಯ ಕಥೆ ಕೇಳಿದಷ್ಟೂ ನನಗೆ ಬೆರಗು. ಎರಿಭೂಮಿ ಮುಂಗಾರಿನ ನೀರನ್ನೆಲ್ಲ ಕುಡಿದು ಹೊಟ್ಟೆಯಲ್ಲಿಟ್ಟುಕೊಂಡಿರುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಬಿತ್ತಿದರೆ ಮುಂದೆ ಹೆಚ್ಚು ಮಳೆ ಇಲ್ಲದಿದ್ದರೂ, ಆ ಕೂಡಿಟ್ಟ ತೇವ ಮತ್ತು ಚಳಿಗಾಲದ ಇಬ್ಬನಿಯ ಮೇಲೆಯೇ ದಂಟು ಆಳೆತ್ತರ ಏಳುತ್ತದೆ. ಬೇಸಗೆ ಹತ್ತಿರವಾದಂತೆ ನೆಲ ಬಾಯಿಬಿಟ್ಟು ಬಿರಿಯುತ್ತಿರುವಾಗ ಮೇಲೆ ತೆನೆಯಲ್ಲಿ ಕಾಳು ಗಟ್ಟಿಯಾಗುತ್ತಿರುತ್ತದೆ. ಹಾಲುಗಾಳು ಇನ್ನೂ ಎಳೆಯದಿದ್ದಾಗ ತೆನೆಯನ್ನು ಕೆಂಡದಲ್ಲಿ ಸುಟ್ಟು, ತಿಕ್ಕಿ ಉದುರಿಸಿ ತಿನ್ನುವ ಸೀತನಿಯ ರುಚಿಯನ್ನು ನಾನಿಲ್ಲಿ ಬರೆದು ತಿಳಿಸಲಾರೆ. ಅದಕ್ಕೆ ಹೊಲದ ಬದುವಿನಲ್ಲೇ ಕೂರಬೇಕು.

ಆಯಿ ಕಾಳನ್ನು ಅಂಗೈಯಲ್ಲಿ ಹರಡಿ, ಹೊಳಪು ನೋಡಿ, ಎರಡು ಕಾಳು ಬಾಯಿಗೆ ಹಾಕಿ ಕಡಿದು, “ಆಕ್ಕೈತಿ” ಎಂದರು. ಆಮೇಲೆ ಗಿರಣಿ. ಗೋಧಿ ಬೀಸಿದ ಬೆನ್ನಿಗೇ ಹಾಕಿಸಬೇಡ, ನುಣ್ಣಗೆ ಬೀಸಲು ಹೇಳು, ಹತ್ತು ದಿನಕ್ಕಾಗುವಷ್ಟೇ ಬೀಸಿಸು. ಹಿಟ್ಟು ಹಳತಾದರೆ ಜಿಗಿ ಹೋಗುತ್ತದೆ. ಜಿಗಿ ಹೋದ ಹಿಟ್ಟಿನಿಂದ ಯಾರ ಕೈಯಲ್ಲೂ ರೊಟ್ಟಿ ಏಳುವುದಿಲ್ಲ. ಗಿರಣಿಯಿಂದ ತಂದ ಹಿಟ್ಟಿನ ಡಬ್ಬಿ ಬೆಚ್ಚಗಿತ್ತು. ಮಗುವನ್ನು ಎತ್ತಿಕೊಂಡಂತೆ ಅದನ್ನು ಎದೆಗೊತ್ತಿಕೊಂಡು ಬಂದದ್ದು ನೆನಪಿದೆ.

ಜಿಗಿ ಎಂಬ ಆ ಒಂದು ಮಾತಿನಲ್ಲೇ ಇಡೀ ವಿದ್ಯೆ ಅಡಗಿದೆ. ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟು ಇರುವುದರಿಂದ ತಣ್ಣೀರಲ್ಲಿ ಕಲಸಿದರೂ ಕಣಕ ರಬ್ಬರಿನಂತೆ ಎಳೆಯುತ್ತದೆ. ಜೋಳದಲ್ಲಿ ಅದಿಲ್ಲ. ತಣ್ಣೀರು ಹಾಕಿದರೆ ಹಸಿ ಮರಳಿನ ಹಾಗೆ ಬಿರಿದು ಬೀಳುತ್ತದೆ. ಅದಕ್ಕೇ ಎಸರು. ಕುದಿವ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಅಷ್ಟಿಷ್ಟು ಬೆಂದು ಗಂಜಿಯಂತಾಗುತ್ತದೆ, ಆ ಗಂಜಿಯೇ ಉಳಿದ ಹಿಟ್ಟನ್ನು ಹಿಡಿದಿಡುತ್ತದೆ. ಆಯಿ ಪರಾತದಲ್ಲಿ ಹಿಟ್ಟನ್ನು ಗುಡ್ಡೆ ಮಾಡಿ, ನಡುವೆ ಕುಣಿ ತೆಗೆದು, ಎಸರು ಸುರಿದು, ಸುತ್ತಲಿನ ಹಿಟ್ಟನ್ನು ಅದರ ಮೇಲೆ ಹೊದಿಸಿ ಸುಮ್ಮನೆ ಬಿಟ್ಟರು. ನಾನು ಕೈ ಹಾಕಹೋದೆ. “ತಡಿ. ಅದು ತನ್ನಷ್ಟಕ್ಕ ತಾ ನೆನೀಲಿ” ಎಂದರು. ಕಲಿಯುವ ಮೊದಲು ನಾನು ಕಲಿಯಬೇಕಿದ್ದದ್ದು ಆ ತಡೆಯುವುದನ್ನೇ ಎಂದು ಈಗ ಅನ್ನಿಸುತ್ತದೆ.

ಆಮೇಲೆ ನಾದುವುದು. ಒಂದು ರೊಟ್ಟಿಗೆ ಬೇಕಾದಷ್ಟೇ ಮುರಿದುಕೊಂಡು, ಅಂಗೈಯ ಬುಡದಿಂದ ಪರಾತಕ್ಕೆ ಒತ್ತಿ ಮುಂದೆ ತಳ್ಳಿ, ಮತ್ತೆ ಮಡಚಿ ತಂದು, ಬೆರಳು ನೀರಲ್ಲದ್ದಿ, ಮತ್ತೆ ತಳ್ಳಿ. ಎಷ್ಟು ಹೊತ್ತು? ಇದಕ್ಕೆ ಆಯಿಯ ಬಳಿ ನಿಮಿಷದ ಲೆಕ್ಕವಿಲ್ಲ. “ಬೆಣ್ಣಿ ಆದಂಗ ಆಗಬೇಕ.” ನನ್ನ ಉಂಡೆಯನ್ನು ಹೆಬ್ಬೆರಳಿಂದ ಒತ್ತಿದರು, ಅಂಚಿನಲ್ಲಿ ಸಣ್ಣ ಬಿರುಕು ಮೂಡಿತು. “ಇನ್ನೂ ನಾದು.” ಮತ್ತೆ ಒತ್ತಿದರು, ಮತ್ತೆ ಬಿರುಕು. ನಾಲ್ಕನೇ ಸಲ ಬೆರಳ ಗುರುತು ಮಾತ್ರ ಉಳಿಯಿತು, ಅಂಚು ಒಡೆಯಲಿಲ್ಲ.

ಬಡಿಯುವುದನ್ನು ಅವರು ಬಾಯಿಮಾತಲ್ಲಿ ಹೇಳಿಕೊಡಲೇ ಇಲ್ಲ. ಎದುರಿಗೆ ಕೂರಿಸಿ ಬಡಿದರು, ನಾನು ನೋಡಿದೆ. ಕಲ್ಲಿನ ಮೇಲೆ ಒಣಹಿಟ್ಟು ಉದುರಿಸಿ, ಉಂಡೆಯನ್ನು ಚಪ್ಪಟೆ ಮಾಡಿಟ್ಟು, ಬಲಗೈ ಬಡಿಯುತ್ತಿದ್ದರೆ ಎಡಗೈ ಅಂಚನ್ನು ಕಾಯುತ್ತಿತ್ತು. ಮೊದಮೊದಲು ಎಡಗೈಯೇ ರೊಟ್ಟಿಯನ್ನು ತಿರುಗಿಸುತ್ತದೆ ಅಂದುಕೊಂಡಿದ್ದೆ. ಎಷ್ಟೋ ದಿನದ ಮೇಲೆ ಗೊತ್ತಾಯಿತು, ತಿರುಗಿಸುವುದು ಏಟೇ. ಅಂಗೈ ನೇರ ಕೆಳಗಿಳಿಯುವುದಿಲ್ಲ. ಬಿದ್ದ ಕ್ಷಣದಲ್ಲೇ ಕೂದಲೆಳೆಯಷ್ಟು ಓರೆಯಾಗಿ ಸರಿಯುತ್ತದೆ. ಆ ಸರಿತದ ಬಲಕ್ಕೆ ರೊಟ್ಟಿ ಹಿಟ್ಟಿನ ಮೇಲೆ ಜಾರುತ್ತ ತನ್ನಷ್ಟಕ್ಕೆ ಸುತ್ತುತ್ತದೆ, ಸುತ್ತುತ್ತ ಅಗಲವಾಗುತ್ತದೆ. ನಡುವೆ ದಪ್ಪ ಉಳಿಯದಂತೆ, ಅಂಚು ಹರಿಯದಂತೆ, ಚಂದ್ರನ ಹಾಗೆ ಬೆಳೆಯುತ್ತದೆ.

ನನ್ನ ಮೊದಲ ರೊಟ್ಟಿಗಳು ಕಲ್ಲಿಗೆ ಕಚ್ಚಿಕೊಂಡವು. ಎತ್ತುವಾಗ ಹರಿದವು. ಹರಿಯದೆ ಎದ್ದವು ಹಂಚಿಗೆ ಹೋಗುವ ದಾರಿಯಲ್ಲಿ ಕೈಮೇಲೆ ಎರಡಾದವು. ಅಂಗೈ ಕೆಂಪಾಗಿ ಉರಿಯುತ್ತಿತ್ತು. ಆಯಿ ಒಂದನ್ನೂ ಎಸೆಯಲಿಲ್ಲ. ತುಂಡುಗಳನ್ನು ಕೂಡಿಸಿ, ನಾದಿ, ಮತ್ತೆ ನನ್ನ ಮುಂದಿಟ್ಟರು.

ಎರಡನೇ ವಾರ ಒಂದು ಸಂಗತಿ ಗಮನಕ್ಕೆ ಬಂತು. ಆಯಿ ಈಗ ನನ್ನೆದುರು ಕೂರುತ್ತಿರಲಿಲ್ಲ. ಅಂಗಳದಲ್ಲಿ ತುಳಸಿಗೆ ನೀರು ಹಾಕುತ್ತಲೋ ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಲೋ ಇರುತ್ತಿದ್ದರು. ನಡುವೆ ಗೋಡೆ. ಆದರೂ ಕೂಗುತ್ತಿದ್ದರು: “ಹಿಟ್ಟ ಹಾಕು, ಹತ್ಯಾಕತ್ತೈತಿ!” ಕಲ್ಲನ್ನು ನೋಡಿದರೆ ರೊಟ್ಟಿ ಆಗತಾನೆ ಅಂಟತೊಡಗಿರುತ್ತಿತ್ತು. ನನ್ನ ಕಣ್ಣಿಗೆ ಕಾಣುವ ಮೊದಲೇ ಅವರ ಕಿವಿಗೆ ಗೊತ್ತಾಗುತ್ತಿತ್ತು. “ನಡುವ ದಪ್ಪ ಐತಿ ನೋಡು.” ಇರುತ್ತಿತ್ತು. “ಭಾಳ ತೆಳ್ಳಗಾತು, ಸಾಕು.” ಆಗಿರುತ್ತಿತ್ತು.

ಹೇಗೆ ತಿಳಿಯುತ್ತದೆ ಎಂದು ಕೇಳಿದರೆ ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ಕೇಳಸತೈತಲ್ಲೋ!” ಎಂದರು. ಅಂದಿನಿಂದ ನಾನೂ ಕಿವಿಗೊಟ್ಟೆ. ಉಂಡೆ ದಪ್ಪಗಿರುವಾಗಿನ ಸಪ್ಪಳ ಮಂದ, ಧಪ್ ಎಂದು ಒಳಗೇ ಇಂಗುತ್ತದೆ. ತೆಳ್ಳಗಾದಂತೆ ಅದರಡಿಯ ಕಲ್ಲು ಮಾತಾಡತೊಡಗುತ್ತದೆ. ಸದ್ದು ಏರುತ್ತ, ಹಗುರಾಗುತ್ತ, ಕೊನೆಗೆ ಚಟ್ ಚಟ್ ಎಂದು ಚುರುಕಾಗುತ್ತದೆ. ಕೆಳಗೆ ಹಿಟ್ಟು ಸರಿಯಾಗಿದ್ದರೆ ಎರಡು ಏಟಿನ ನಡುವೆ ರೇಷ್ಮೆ ಸರಿದಂಥ ಒಂದು ಸಣ್ಣ ಉಸಿರು ಕೇಳುತ್ತದೆ, ಅದು ರೊಟ್ಟಿ ಸುತ್ತುವ ಸದ್ದು. ಆ ಉಸಿರು ನಿಂತಿತೋ, ಕಚ್ಚಿಕೊಂಡಿತೆಂದೇ ಅರ್ಥ. ಕಣ್ಣು ಮುಚ್ಚಿ ಬಡಿದು ನೋಡಿದೆ. ತೆರೆದ ಕಣ್ಣಿಗಿಂತ ಚೆನ್ನಾಗಿ ಬಂತು.

ಆಗ ನನ್ನವ್ವ ನೆನಪಾದಳು. ಮುದ್ದೆಗೆ ಎಸರಿಟ್ಟು, ನಡುವೆ ರಾಗಿಹಿಟ್ಟು ಸುರಿದು, ಹಿತ್ತಲಲ್ಲಿ ದನಕ್ಕೆ ಹುಲ್ಲು ಹಾಕುತ್ತಿದ್ದವಳು ಇದ್ದಕ್ಕಿದ್ದಂತೆ ಒಳಗೆ ಓಡಿ ಕೋಲು ಹಿಡಿಯುತ್ತಿದ್ದಳು. ಹಿಟ್ಟಿನ ಗುಡ್ಡೆಯನ್ನು ಸೀಳಿಕೊಂಡು ಏಳುವ ಗುಳ್ಳೆಯ ಗೊಳಕ್ ಗೊಳಕ್ ಸದ್ದು ದಪ್ಪಗಾದದ್ದು ಅಲ್ಲಿಗೇ ಅವಳಿಗೆ ಕೇಳಿರುತ್ತಿತ್ತು. ನಾನು ಅದೇ ಮನೆಯಲ್ಲಿ ಇಪ್ಪತ್ತು ವರ್ಷ ಉಂಡವನು. ಆ ಸದ್ದನ್ನು ನಾನು ಒಮ್ಮೆಯೂ ಕಿವಿಗೊಟ್ಟು ಕೇಳಿರಲಿಲ್ಲ.

ಹಂಚಿನದು ಇನ್ನೊಂದು ಪಾಠ. ಬಡಿದ ರೊಟ್ಟಿಯನ್ನು ಎರಡೂ ಅಂಗೈ ಮೇಲೆತ್ತಿ, ಹಿಟ್ಟು ಹತ್ತಿದ ಮಗ್ಗಲು ಮೇಲೆ ಬರುವ ಹಾಗೆ ಕಾದ ಹಂಚಿಗೆ ಜಾರಿಸಬೇಕು. ಕೂಡಲೇ ತೊಯ್ದ ಅರಿವೆಯಿಂದ ಮೇಲೆಲ್ಲ ನೀರು ಸವರಬೇಕು. ಬಿಳಿ ಹಿಟ್ಟಿನ ಮೇಲೆ ಅರಿವೆ ಸರಿದ ಕಡೆಯೆಲ್ಲ ರೊಟ್ಟಿಯ ಬಣ್ಣ ಮಳೆ ಬಿದ್ದ ಗೋಡೆಯಂತೆ ಕಪ್ಪಾಗುತ್ತದೆ. ಆ ನೀರು ಆರಬೇಕು, ಆದರೆ ಪೂರಾ ಒಣಗಬಾರದು. ಆ ಗಳಿಗೆಗೆ ಮಗುಚಬೇಕು. ಬೇಗ ಮಗುಚಿದರೆ ಹಂಚಿಗೆ ಅಂಟುತ್ತದೆ, ತಡವಾದರೆ ಮೇಲ್ಮೈ ಬಿರಿಯುತ್ತದೆ, ಬಿರಿದ ರೊಟ್ಟಿ ಉಬ್ಬುವುದಿಲ್ಲ. ಒಳಗಿನ ನೀರು ಹಬೆಯಾಗಿ, ಹೊರಗೆ ಹೋಗಲು ಕಿಂಡಿ ಸಿಗದೆ ಎರಡು ಪದರನ್ನು ಬೇರ್ಪಡಿಸಿಕೊಂಡು ಏಳುವುದೇ ಉಬ್ಬು. ನನ್ನ ಕೈಯಲ್ಲಿ ಮೊದಲ ರೊಟ್ಟಿ ಉಬ್ಬಿದ್ದು ಇಪ್ಪತ್ತಮೂರನೇ ದಿನ. ಒಂದು ಮೂಲೆಯಲ್ಲಿ ಸಣ್ಣ ಗುಳ್ಳೆ ಎದ್ದಿತು, ಪಕ್ಕದಲ್ಲಿ ಇನ್ನೊಂದು, ಎರಡೂ ಕೂಡಿದವು, ನೋಡನೋಡುತ್ತ ಇಡೀ ರೊಟ್ಟಿ ಹಂಚಿನಿಂದ ಮೇಲೆದ್ದು ಗುಂಡಗೆ ನಿಂತಿತು. ನಾನು ಕೂಗಿದ್ದು ಓಣಿಗೆಲ್ಲ ಕೇಳಿತಂತೆ. ಆಯಿ ಬಂದು ಅದನ್ನು ಮುರಿದು, ಶೇಂಗಾ ಚಟ್ನಿಯೊಂದಿಗೆ ಅರ್ಧ ನನಗೆ ಕೊಟ್ಟು ಅರ್ಧ ತಾವು ತಿಂದರು.

ಆಯಿಯ ತವರು ಕೊಪ್ಪಳದ ಕಡೆ. ಜನವರಿ ಬಂತೆಂದರೆ ಗವಿಮಠದ ಜಾತ್ರೆಯ ಮಾತು ತೆಗೆಯುತ್ತಾರೆ. ಸುತ್ತಲಿನ ಹಳ್ಳಿಗಳ ಮನೆಮನೆಯಲ್ಲೂ ದಾಸೋಹಕ್ಕೆಂದು ರೊಟ್ಟಿ ಬಡಿಯುತ್ತಾರೆ. ಒಣಗಿಸಿ ಕಡಕ್ ಮಾಡಿ, ಬುಟ್ಟಿಗಳಲ್ಲಿ ತುಂಬಿ, ಟ್ರ್ಯಾಕ್ಟರುಗಳಲ್ಲಿ ಹೇರಿ ಮಠಕ್ಕೆ ಕಳಿಸುತ್ತಾರೆ. ನೀರಿನ ಪಸೆ ಆರಿದ ರೊಟ್ಟಿ ವಾರಗಟ್ಟಲೆ ಕೆಡದು. ಹಾಗೆ ಬಂದ ರೊಟ್ಟಿಗಳ ರಾಶಿ ಆಳೆತ್ತರಕ್ಕೆ ನಿಲ್ಲುತ್ತದೆ. ಯಾರು ಬಡಿದದ್ದನ್ನು ಯಾರು ಉಣ್ಣುತ್ತಾರೋ ಗೊತ್ತಿಲ್ಲ. “ನಮ್ಮೂರಾಗ ಆ ದಿನ ಮಾತಾಡಿದ್ದು ಕೇಳಸೂದಿಲ್ಲೋ, ಅಷ್ಟ ಬಡಿಯೂ ಸಪ್ಪಳ” ಎನ್ನುವಾಗ ಅವರ ಮುಖ ನೋಡಬೇಕು.

2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದಾಗ ಪೇಟೆಯಲ್ಲಿ ಜೋಳಕ್ಕೆ ಹೊಸ ಬೆಲೆ, ಹೊಸ ಪ್ಯಾಕೆಟ್ಟು ಬಂದವು. ಬಂದದ್ದು ಒಳ್ಳೆಯದೇ. ರೊಟ್ಟಿ ಒತ್ತುವ ಯಂತ್ರವೂ ಬಂದಿದೆ. ಕೈಯ ರೊಟ್ಟಿಯ ರುಚಿಯೇ ಬೇರೆ ಎಂದು ಯಂತ್ರವನ್ನು ಹಳಿಯುವವರ ಜೊತೆ ನಾನಿಲ್ಲ. ನಮ್ಮ ಓಣಿಯಲ್ಲೇ ರೊಟ್ಟಿ ಮಾರಿ ಮಕ್ಕಳನ್ನು ಓದಿಸಿದವರಿದ್ದಾರೆ. ದಿನಕ್ಕೆ ನೂರರ ಮೇಲೆ ಬಡಿದು, ರಾತ್ರಿ ರಟ್ಟೆಗೆ ಎಣ್ಣೆ ತಿಕ್ಕಿಕೊಂಡು ಮಲಗುವವರು. ಅವರ ರಟ್ಟೆಗೆ ಬಿಡುವು ಸಿಗುವುದಾದರೆ ಯಂತ್ರ ಬರಲಿ. ನಾನು ಬಡಿಯುವುದು ನನ್ನ ಹೊಟ್ಟೆಗಾಗುವಷ್ಟು, ನಾಲ್ಕು.

ಮೊನ್ನೆ ಆಯಿಗೆ ಮೊಣಕೈ ನೋವು. ಎರಡೂ ಮನೆಯ ರೊಟ್ಟಿ ನಾನೇ ಬಡಿಯುತ್ತೇನೆಂದು ಕೆಳಗಿಳಿದು ಅವರ ಒಲೆಯ ಮುಂದೆ ಕೂತೆ. ಅವರು ಪಡಸಾಲೆಯ ಕಂಬಕ್ಕೊರಗಿದ್ದರು. ಎರಡನೇ ರೊಟ್ಟಿ ಸುತ್ತುತ್ತಿತ್ತು. ಆ ಸಣ್ಣ ಉಸಿರು ತೊಡರಿದಂತಾಯಿತು. ಕೈ ತಾನಾಗಿ ಹಿಟ್ಟಿನ ಬಟ್ಟಲಿಗೆ ಹೋಯಿತು. ಅಂಚೆತ್ತಿ ಕೆಳಗೆ ಉದುರಿಸಿದೆ, ಮತ್ತೆ ಸುತ್ತಿತು. ಪಡಸಾಲೆಯಿಂದ ಕೂಗು ಬರಲಿಲ್ಲ.

ಐದನೇ ರೊಟ್ಟಿಯ ಹೊತ್ತಿಗೆ ಗೋಡೆಯಾಚೆಯಿಂದ ಪಕ್ಕದ ಮನೆಯಾಕೆಯ ದನಿ ಬಂತು.

“ಆಯಿ, ಮಗಳು ಬಂದಾಳೇನ? ಕೈ ನಿಮ್ಮದಲ್ಲ ಅನಸಾಕತ್ತೈತಿ.”

“ಇಲ್ಲಬೇ. ಮ್ಯಾಲಿನ ತಮ್ಮ ಬಡ್ಯಾಕತ್ತಾನ.”

ಗೋಡೆಯಾಚೆ ಒಂದು ಗಳಿಗೆ ಬಡಿಯುವುದು ನಿಂತಿತು. ಕಿವಿಗೊಟ್ಟು ಕೇಳುತ್ತಿದ್ದಾರೆಂದು ತಿಳಿಯಿತು. ಆಮೇಲೆ ಅಲ್ಲಿಯೂ ಶುರುವಾಯಿತು. ಆಯಿ ಕೂತಲ್ಲಿಂದಲೇ ಪರಾತದ ಕಡೆ ಕೈ ತೋರಿದರು.

“ಇನ್ನೂ ಮೂರು ರೊಟ್ಟಿ ಹಿಟ್ಟೈತಿ. ಆರಗೊಡಬ್ಯಾಡ, ಬಡಿ.”