ವಿಮಾನ ಕೊಳ್ಳುವ ಮೊದಲು ಒಂದು ನೋಟ್‌ಬುಕ್

ಪೈಲಟ್ ಲೈಸೆನ್ಸ್ ಸಿಕ್ಕಿತು ಎಂದ ಕೂಡಲೇ ಬೋಳಾರದಲ್ಲಿ ನೆರೆಹೊರೆಯವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ‘ಯಾವ ಏರ್‌ಲೈನ್ಸ್?’ ನನ್ನದು ಖಾಸಗಿ ಪೈಲಟ್ ಲೈಸೆನ್ಸ್, ಅಂದರೆ ಪಿಪಿಎಲ್. ಹದಿನೇಳು ತುಂಬಿದವರು ಕನಿಷ್ಠ 40 ಗಂಟೆ ಹಾರಾಟ, ಪರೀಕ್ಷೆ, ವೈದ್ಯಕೀಯ ತಪಾಸಣೆ ಮುಗಿಸಿದರೆ ಇದು ಸಿಗುತ್ತದೆ. ಇದನ್ನಿಟ್ಟುಕೊಂಡು ಸಂಬಳಕ್ಕೆ ಹಾರುವಂತಿಲ್ಲ. ಅದಕ್ಕೆ 200 ಗಂಟೆಗಳ ಸಿಪಿಎಲ್ ಬೇಕು, ಅದರ ಖರ್ಚು ನೆನೆದರೆ ನಮ್ಮ ಮನೆಯಲ್ಲಿ ಎಲ್ಲರೂ ಸುಮ್ಮನಾಗುತ್ತಾರೆ.

ದುಬೈಯಿಂದ ಊರಿಗೆ ಮರಳಿದ ನನ್ನ ಸೋದರಮಾವ ಮಾತ್ರ ಬೇರೆಯೇ ಮಾತು ತೆಗೆದರು. ‘ನನ್ನ ಹತ್ತಿರ ಸ್ವಲ್ಪ ಹಣ ಉಂಟು. ಒಂದು ಸಣ್ಣ ಸೆಕೆಂಡ್ ಹ್ಯಾಂಡ್ ವಿಮಾನ ನೋಡುವ ಮಾರಾಯ್ತಿ. ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿ ಬರುವ. ನಿನಗೆ ಹಾರಾಟದ ಗಂಟೆಗಳೂ ಸೇರ್ತವೆ.’ ಅದು ಅವರ ಜೀವಮಾನದ ದುಡಿಮೆಯ ಹಣ. ತಮಾಷೆಗೆ ಉತ್ತರ ಕೊಡುವ ಹಾಗಿರಲಿಲ್ಲ. ನೋಟ್‌ಬುಕ್ ತೆಗೆದು ಲೆಕ್ಕ ಹಾಕಲು ಕುಳಿತೆ.

ಮೊದಲು ಬರೆದದ್ದು ವಿಮಾನದ ಹೆಸರನ್ನಲ್ಲ, ನಮ್ಮ ಪ್ರಯಾಣಗಳನ್ನು. ಎಲ್ಲಿಗೆ, ಎಷ್ಟು ಜನ, ವರ್ಷದಲ್ಲಿ ಎಷ್ಟು ಸಲ? ನಮ್ಮದು ಬಹುತೇಕ ಬೆಂಗಳೂರು. ಮಂಗಳೂರಿನಿಂದ ನೇರ ರೇಖೆಯಲ್ಲಿ ಸುಮಾರು 300 ಕಿ.ಮೀ. ಹೆಚ್ಚಿನ ಸಲ ನಾನು ಮತ್ತು ಮಾವ ಇಬ್ಬರೇ. ಹಬ್ಬ, ಮದುವೆ ಇದ್ದರೆ ಅತ್ತೆ ಮತ್ತು ಅಮ್ಮನೂ ಸೇರಿ ನಾಲ್ವರು.

ಇಬ್ಬರಿಗಾದರೆ ಸೆಸ್ನಾ 152 ಸಾಕು. ಗಂಟೆಗೆ ಸುಮಾರು 185 ಕಿ.ಮೀ. ವೇಗ, ಒಂದೂ ಮುಕ್ಕಾಲು ಗಂಟೆಯೊಳಗೆ ಬೆಂಗಳೂರು. ಎಂಜಿನ್ ಸಣ್ಣದು, ಇಂಧನದ ಖರ್ಚೂ ಕಡಿಮೆ. ಆದರೆ ಇದರ ತಯಾರಿಕೆ 1985ರಲ್ಲೇ ನಿಂತಿದೆ. ಅಂದರೆ ಮಾರಾಟಕ್ಕೆ ಸಿಗುವ ಪ್ರತಿಯೊಂದು 152 ಕೂಡ ನನಗಿಂತ ಹಳೆಯದು. ಅದರ ಲಾಗ್‌ಬುಕ್, ಎಂಜಿನ್ ಓಡಿದ ಗಂಟೆ, ರೆಕ್ಕೆಯ ಒಳಗಿನ ತುಕ್ಕು ಎಲ್ಲವನ್ನೂ ಬಲ್ಲ ಎಂಜಿನಿಯರ್ ಒಬ್ಬರು ಬಿಚ್ಚಿ ನೋಡದೆ ಮುಂಗಡ ಕೊಡುವಂತಿಲ್ಲ.

ನಾಲ್ವರಿಗೆ? ಸೆಸ್ನಾ 172ರಲ್ಲಿ ನಾಲ್ಕು ಸೀಟುಗಳಿವೆ. 1956ರಿಂದ ತಯಾರಾಗುತ್ತಿರುವ, ಜಗತ್ತಿನಲ್ಲೇ ಅತಿ ಹೆಚ್ಚು ಸಂಖ್ಯೆಯಲ್ಲಿ ಬಂದ ವಿಮಾನ ಇದು. ರಿಪೇರಿ ಗೊತ್ತಿರುವವರು, ಬಿಡಿಭಾಗ, ಕಲಿಸುವವರು ಸಿಗುತ್ತಾರೆ. ಆದರೆ ಸೀಟಿನ ಲೆಕ್ಕ ಬೇರೆ, ತೂಕದ ಲೆಕ್ಕ ಬೇರೆ. ಇದರ ‘ಎಸ್’ ಮಾದರಿ ಜನ, ಸಾಮಾನು, ಇಂಧನ ಸೇರಿ ಹೊರುವುದು ಸುಮಾರು 390 ಕೆ.ಜಿ. ಟ್ಯಾಂಕ್ ತುಂಬಿಸಿದರೆ ಇಂಧನವೇ 140 ಕೆ.ಜಿ. ದಾಟುತ್ತದೆ. ಉಳಿದ 250 ಕೆ.ಜಿ.ಯಲ್ಲಿ ಮೂವರು ಮತ್ತು ಅವರ ಬ್ಯಾಗು. ನಾಲ್ವರೂ ಹೋಗಬೇಕಾದರೆ ಟ್ಯಾಂಕ್ ಅರ್ಧ ಮಾಡಬೇಕು. ಬೆಂಗಳೂರಿಗೆ ಅದು ಸಾಕು, ಆದರೆ ವಾಪಸು ಬರಲು ಅಲ್ಲಿ ಮತ್ತೆ ಇಂಧನ ತುಂಬಿಸಲೇಬೇಕು.

ಆ ಇಂಧನದ್ದೂ ಒಂದು ಕಥೆ. ದೊಡ್ಡ ವಿಮಾನಗಳಿಗೆ ಬೇಕಾದದ್ದು ಸೀಮೆಎಣ್ಣೆ ಜಾತಿಯ ಎಟಿಎಫ್. ಸೆಸ್ನಾಕ್ಕೆ ಬೇಕಾದದ್ದು ಪೆಟ್ರೋಲ್ ಜಾತಿಯ ಅವ್‌ಗ್ಯಾಸ್. ಇದನ್ನು ದೇಶ ಆಮದು ಮಾಡಿಕೊಳ್ಳುತ್ತಿತ್ತು. ಇಂಡಿಯನ್ ಆಯಿಲ್ ವಡೋದರದಲ್ಲಿ ತಯಾರಿಸಿ ಬಿಡುಗಡೆ ಮಾಡಿದ್ದು 2022ರಲ್ಲಿ. ಎಲ್ಲ ವಿಮಾನ ನಿಲ್ದಾಣಗಳಲ್ಲಿ ಇದು ಸಿಗುವುದಿಲ್ಲ. ಡೈಮಂಡ್ ಡಿಎ40 ಎನ್‌ಜಿ ಎಟಿಎಫ್‌ನಲ್ಲೇ ಹಾರುತ್ತದೆ, ಆದರೆ ಹೊಸದಾದರೆ ಅದು ಕೋಟಿಗಳ ಮಾತು. ನಮ್ಮ ಬೆಂಗಳೂರಿನ ಎನ್‌ಎಎಲ್ ರೂಪಿಸಿದ, 2021ರಲ್ಲಿ ಮೊದಲು ಹಾರಿದ ಹಂಸ-ಎನ್‌ಜಿ ಆಸೆ ಹುಟ್ಟಿಸುತ್ತದೆ. ಅದೂ ಎರಡೇ ಸೀಟಿನದು, ಮುಖ್ಯವಾಗಿ ತರಬೇತಿಗೆಂದು ರೂಪಿಸಿದ್ದು.

ಈ ಸೀಟಿನ ಸಮಸ್ಯೆ ನಮ್ಮೊಬ್ಬರದಲ್ಲ. ಬ್ರಿಟನ್‌ನಲ್ಲಿ ನೆಲೆಸಿದ ಕೇರಳದ ಎಂಜಿನಿಯರ್ ಅಶೋಕ್ ತಾಮರಾಕ್ಷನ್ ಮೊದಲು ಎರಡು ಸೀಟಿನ ಬಾಡಿಗೆ ವಿಮಾನದಲ್ಲಿ ಹಾರುತ್ತಿದ್ದರು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳ ಸಂಸಾರಕ್ಕೆ ಅದು ಸಾಲಲಿಲ್ಲ. ಬಾಡಿಗೆಗೆ ಸಿಕ್ಕ ನಾಲ್ಕು ಸೀಟಿನವು ತೀರ ಹಳೆಯವು. ಕೊನೆಗೆ ಲಾಕ್‌ಡೌನ್ ಕಾಲದಲ್ಲಿ ಸ್ಲಿಂಗ್ ಟಿಎಸ್‌ಐ ವಿಮಾನದ ಬಿಡಿಭಾಗ ತರಿಸಿ ತಾವೇ ಜೋಡಿಸಿ ಹಾರಿದರು. ಅವರು ಹುಡುಕಿದ ಕ್ರಮ ಗಮನಿಸಿ: ಮೊದಲು ಬಾಡಿಗೆ, ಆಮೇಲೆ ಅಗತ್ಯ, ಕೊನೆಗೆ ಸ್ವಂತದ್ದು.

ಇನ್ನು ನಮ್ಮ ಊರಿನ ಮಳೆ. ಪಿಪಿಎಲ್ ಇದ್ದ ಮಾತ್ರಕ್ಕೆ ಮೋಡದೊಳಗೆ ಹಾರುವಂತಿಲ್ಲ; ಅದಕ್ಕೆ ಇನ್‌ಸ್ಟ್ರುಮೆಂಟ್ ರೇಟಿಂಗ್ ಎಂಬ ಪ್ರತ್ಯೇಕ ಅರ್ಹತೆ ಬೇಕು. ಬಜ್ಪೆಯಿಂದ ಪೂರ್ವಕ್ಕೆ ತಿರುಗಿದರೆ ಪಶ್ಚಿಮ ಘಟ್ಟ, ಕುದುರೆಮುಖವೇ 1,890 ಮೀಟರ್ ದಾಟುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಮೋಡ ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಅಂದರೆ ವರ್ಷದಲ್ಲಿ ಸುಮಾರು ನಾಲ್ಕು ತಿಂಗಳು ವಿಮಾನ ನಿಂತೇ ಇರುತ್ತದೆ. ಆದರೂ ಹ್ಯಾಂಗರ್ ಬಾಡಿಗೆ, ವಿಮೆ, ತಪಾಸಣೆ ನಿಲ್ಲುವುದಿಲ್ಲ. ಮಾವನಿಗೆ ಇದನ್ನು ವಿವರಿಸಲು ಕಷ್ಟವಾಗಲಿಲ್ಲ. ಜೂನ್, ಜುಲೈ ನಿಷೇಧದಲ್ಲಿ ಬಂದರಿನಲ್ಲಿ ಕಟ್ಟಿಹಾಕಿದ ಟ್ರಾಲ್ ಬೋಟಿನ ಸಾಲದ ಕಂತು ನಿಲ್ಲುವುದಿಲ್ಲ, ಉಪ್ಪುಗಾಳಿ ಕಬ್ಬಿಣ ತಿನ್ನುವುದೂ ನಿಲ್ಲುವುದಿಲ್ಲ ಎಂಬುದು ಅವರು ಚಿಕ್ಕಂದಿನಿಂದ ಕಂಡದ್ದೇ.

ನಾನು ಕೊಟ್ಟ ಉತ್ತರ ಹೀಗಿತ್ತು: ಈಗ ಕೊಳ್ಳುವುದು ಬೇಡ. ಗಂಟೆ ಲೆಕ್ಕದ ಬಾಡಿಗೆಗೆ 172ರಲ್ಲೇ ಹಾರುತ್ತೇನೆ. ಇನ್‌ಸ್ಟ್ರುಮೆಂಟ್ ರೇಟಿಂಗ್ ಮಾಡಿಕೊಳ್ಳುತ್ತೇನೆ. ಎರಡು ವರ್ಷದಲ್ಲಿ ನಾವು ನಿಜಕ್ಕೂ ಎಷ್ಟು ಸಲ ಹಾರಿದೆವು ಎಂದು ಬರೆದಿಡುವ. ಆ ಸಂಖ್ಯೆ ದೊಡ್ಡದಿದ್ದರೆ ಮೂರು–ನಾಲ್ಕು ಪಾಲುದಾರರನ್ನು ಸೇರಿಸಿ ಒಂದು 172 ನೋಡುವ. ಸಣ್ಣದಿದ್ದರೆ ಹಣ ಉಳಿಯಿತು.

ಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬೇಸರವಾದದ್ದು ಮುಖದಲ್ಲೇ ಕಾಣುತ್ತಿತ್ತು. ‘ಎರಡು ವರ್ಷಕ್ಕೆ ನನಗೆ ಅರವತ್ತೆರಡು’ ಎಂದರು. ಆಮೇಲೆ, ‘ಬಾಡಿಗೆಯ ಮೊದಲ ಹತ್ತು ಗಂಟೆ ನನ್ನ ಲೆಕ್ಕದಲ್ಲಿ ಇರಲಿ. ಆದರೆ ಪಕ್ಕದ ಸೀಟು ನನಗೇ’ ಎಂದರು.

ನಿಮ್ಮಲ್ಲಿ ಹೆಚ್ಚಿನವರಿಗೆ ವಿಮಾನ ಕೊಳ್ಳುವ ಪ್ರಸಂಗ ಬರಲಿಕ್ಕಿಲ್ಲ. ಆದರೆ ಮೊದಲ ಸಂಬಳಕ್ಕೆ ಬೈಕ್, ಮೂರನೇ ವರ್ಷಕ್ಕೆ ಕಾರು, ಊರಿಗೆ ಮುಂಚೆ ಸಾಲ ಬರುತ್ತದೆ. ಷೋರೂಮಿಗೆ ಹೋಗುವ ಮುನ್ನ ಕಳೆದ ಆರು ತಿಂಗಳಲ್ಲಿ ಎಲ್ಲಿಗೆ, ಎಷ್ಟು ಸಲ, ಯಾರ ಜೊತೆ ಹೋದಿರಿ ಎಂದು ಬರೆದು ನೋಡಿ. ನಿಂತಿದ್ದಾಗಲೂ ಅದು ಎಷ್ಟು ತಿನ್ನುತ್ತದೆ ಎಂದು ಪಕ್ಕದಲ್ಲಿ ಬರೆಯಿರಿ. ನನಗೆ ಇದಕ್ಕೆ ಖರ್ಚಾದದ್ದು ನೋಟ್‌ಬುಕ್ಕಿನ ನಾಲ್ಕು ಹಾಳೆ. ಐದನೆಯದರಲ್ಲಿ ಮುಂದಿನ ಹಾರಾಟದ ತೂಕದ ಲೆಕ್ಕ ಶುರುವಾಗಿದೆ. ಮೊದಲ ಸಾಲಿನಲ್ಲೇ ಮಾವನ 82 ಕೆ.ಜಿ. ಬರೆದಾಗಿದೆ.